ವಾರಾನ್ನದ ಋಣ, ಹಾಸ್ಟೆಲಿನ ಹಕ್ಕು

2004ರ ಫೆಬ್ರುವರಿಯಲ್ಲಿ ಆಗಿನ ಕೇಂದ್ರ ಮಾನವ ಸಂಪನ್ಮೂಲ ಸಚಿವ ಮುರಳಿ ಮನೋಹರ ಜೋಶಿಯವರ ಇಲಾಖೆ ಐಐಎಂಗಳಿಗೆ ಒಂದು ಆದೇಶ ಕಳಿಸಿತು. ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿಯಿದ್ದ ಶುಲ್ಕವನ್ನು 30,000 ರೂಪಾಯಿಗೆ ಇಳಿಸಬೇಕು ಎಂಬುದು ಅದರ ತಿರುಳು. ಇಲಾಖೆ ಆಧಾರವಾಗಿಟ್ಟುಕೊಂಡದ್ದು ನಮ್ಮ ಉಡುಪಿ ಸೀಮೆಯ ವಿಜ್ಞಾನಿ ಯು.ಆರ್. ರಾವ್ ಅವರ ನೇತೃತ್ವದ ಸಮಿತಿಯ ಶಿಫಾರಸನ್ನು. ಅದೇ ಹೊತ್ತಿನಲ್ಲಿ ಅಹಮದಾಬಾದಿನ ಐಐಎಂ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರು ಇನ್ನೊಬ್ಬ ಕನ್ನಡಿಗ, ಎನ್.ಆರ್. ನಾರಾಯಣ ಮೂರ್ತಿ. ಸಂಸ್ಥೆಗಳು ಆದೇಶವನ್ನು ವಿರೋಧಿಸಿದವು. ಸೀಟು ಸಿಕ್ಕ ಯಾರನ್ನೂ ದುಡ್ಡಿಲ್ಲವೆಂದು ನಾವು ವಾಪಸು ಕಳಿಸುವುದಿಲ್ಲ, ಕಷ್ಟದಲ್ಲಿರುವವರಿಗೆ ವಿದ್ಯಾರ್ಥಿವೇತನ ಕೊಡುತ್ತೇವೆ, ಉಳಿದವರಿಗೆ ಬ್ಯಾಂಕ್ ಸಾಲ ಸಿಗುತ್ತದೆ, ಹಾಗಿರುವಾಗ ಉಳ್ಳವರ ಮಕ್ಕಳಿಗೂ ಸರ್ಕಾರದ ಖರ್ಚಿನಲ್ಲಿ ಯಾಕೆ ರಿಯಾಯಿತಿ ಎಂದು ಅವು ಕೇಳಿದವು. ಮೇ ತಿಂಗಳಲ್ಲಿ ಸರ್ಕಾರವೇ ಬದಲಾಯಿತು. ಹೊಸ ಸಚಿವ ಅರ್ಜುನ್ ಸಿಂಗ್ ಆದೇಶವನ್ನು ಹಿಂದಕ್ಕೆ ಪಡೆದರು.

ಪತ್ರಿಕೆಗಳು ಆಗ ಇದನ್ನು ಸ್ವಾಯತ್ತತೆಯ ಗೆಲುವೆಂದು ಬರೆದವು. ಅದರ ಜೊತೆಗೇ ಇನ್ನೊಂದು ತೀರ್ಮಾನವೂ ಸದ್ದಿಲ್ಲದೆ ಆಗಿಹೋಯಿತು. ಈ ದೇಶದ ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಗಳು ಎಲ್ಲರಿಗೂ ಕಡಿಮೆ ಶುಲ್ಕ ಎಂಬ ದಾರಿಯನ್ನು ಬಿಟ್ಟು, ಶುಲ್ಕ ಹೆಚ್ಚು ಆದರೆ ಕೆಲವರಿಗೆ ನೆರವು ಎಂಬ ದಾರಿ ಹಿಡಿದವು. ಇಂದು ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ. ಶುಲ್ಕ ಏರಿದಷ್ಟೂ ನ್ಯಾಯದ ಭಾರವೆಲ್ಲ ವಿದ್ಯಾರ್ಥಿವೇತನ ಎಂಬ ಒಂದೇ ಕಂಬದ ಮೇಲೆ ಬಿದ್ದಿದೆ. ಎಷ್ಟು ಜನರಿಗೆ, ಎಷ್ಟು ಕೋಟಿ ಕೊಟ್ಟೆವು ಎಂಬ ಲೆಕ್ಕ ಎಷ್ಟೋ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಸಿಗುತ್ತದೆ. ಆದರೆ ಅದನ್ನು ಪಡೆದ ಹುಡುಗ, ಹುಡುಗಿ ಆ ಎರಡು ವರ್ಷವನ್ನು ಹೇಗೆ ಕಳೆದರು, ಯಾವ ಧೈರ್ಯ ಮಾಡಿದರು, ಯಾವುದನ್ನು ಬೇಕೆಂದಿದ್ದರೂ ಬಿಟ್ಟರು ಎಂದು ಕೇಳುವವರು ಅಪರೂಪ. ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಎಂಬಿಎ ವಿಭಾಗದಲ್ಲಿ ಪಾಠ ಮಾಡುವ ನನಗೆ ಈ ಪ್ರಶ್ನೆಯೇ ಮುಖ್ಯವೆನಿಸುತ್ತದೆ. ಶುಲ್ಕ ಕಟ್ಟಿಕೊಟ್ಟ ಮಾತ್ರಕ್ಕೆ ವಿದ್ಯಾರ್ಥಿವೇತನದ ಕೆಲಸ ಮುಗಿಯುವುದಿಲ್ಲ. ಪಡೆದವರ ಮನಸ್ಸಿನಿಂದ ಭಯವನ್ನು ತೆಗೆದಾಗ ಮಾತ್ರ ಅದು ಕೆಲಸ ಮಾಡಿದಂತೆ. ಇವತ್ತಿನ ನಮ್ಮ ಬಹಳಷ್ಟು ಯೋಜನೆಗಳು ಭಯವನ್ನು ತೆಗೆಯುತ್ತಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಿವೆ.

ಮೊದಲು ಸಾಲದ ಭಯವನ್ನೇ ನೋಡೋಣ. 20 ಲಕ್ಷ ರೂಪಾಯಿ ಸಾಲಕ್ಕೆ ಶೇಕಡ 10ರ ಬಡ್ಡಿ, ಹತ್ತು ವರ್ಷದ ಅವಧಿ ಎಂದು ಇಟ್ಟುಕೊಂಡರೆ ತಿಂಗಳ ಕಂತು ಸುಮಾರು 26,400 ರೂಪಾಯಿ ಬರುತ್ತದೆ. ಓದುವ ಎರಡು ವರ್ಷದಲ್ಲಿ ಬೆಳೆಯುವ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ. ದೊಡ್ಡ ಕಂಪನಿಯಲ್ಲಿ ಕೈತುಂಬ ಸಂಬಳ ಸಿಕ್ಕವರಿಗೆ ಇದು ದೊಡ್ಡ ಹೊರೆಯಲ್ಲ. ಅದೇ ವಿದ್ಯಾರ್ಥಿ ರೈತ ಉತ್ಪಾದಕರ ಕಂಪನಿಗೋ, ಹಾಲು ಒಕ್ಕೂಟಕ್ಕೋ, ಸ್ವಸಹಾಯ ಸಂಘಗಳ ಜೊತೆ ದುಡಿಯುವ ಸಂಸ್ಥೆಗೋ ತಿಂಗಳಿಗೆ ನಲವತ್ತೈದು ಸಾವಿರಕ್ಕೆ ಸೇರಿದರೆ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೇ ಹೋಗುತ್ತದೆ. ಹೀಗಾಗಿ ಆ ಕೆಲಸ ಅವನ ಪಟ್ಟಿಯಿಂದ ಮೊದಲ ದಿನವೇ ಅಳಿಸಿಹೋಗಿರುತ್ತದೆ. ಅವನು ಅದನ್ನು ತ್ಯಾಗವೆಂದೂ ಅಂದುಕೊಳ್ಳುವುದಿಲ್ಲ, ಯಾಕೆಂದರೆ ಅಂಥದ್ದೊಂದು ಆಯ್ಕೆ ಇತ್ತೆಂಬುದೇ ಅವನ ಗಮನಕ್ಕೆ ಬಂದಿರುವುದಿಲ್ಲ.

ಇದು ಬರೀ ನನ್ನ ಊಹೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜೆಸ್ಸಿ ರಾತ್‌ಸ್ಟೈನ್ ಮತ್ತು ಸಿಸಿಲಿಯಾ ರೌಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನ, ಸಾಲವನ್ನು ತೆಗೆದು ಅದರ ಜಾಗದಲ್ಲಿ ಅನುದಾನ ಕೊಡತೊಡಗಿದ ಒಂದು ಪ್ರತಿಷ್ಠಿತ ವಿಶ್ವವಿದ್ಯಾಲಯವನ್ನು ಗಮನಿಸಿತು. ಸಾಲ ಹೊತ್ತವರು ಹೆಚ್ಚು ಸಂಬಳದ ಕೆಲಸಗಳ ಕಡೆಗೂ, ಸಾರ್ವಜನಿಕ ಹಿತದ ಕಡಿಮೆ ಸಂಬಳದ ಕೆಲಸಗಳಿಂದ ದೂರಕ್ಕೂ ಸರಿಯುತ್ತಾರೆ ಎಂದು ಅದು ಕಂಡುಕೊಂಡಿತು. ಇದಕ್ಕಿಂತ ಸೂಕ್ಷ್ಮವಾದದ್ದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ನಡೆದ ಪ್ರಯೋಗ. ಎರಿಕಾ ಫೀಲ್ಡ್ ಅದರ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಚೀಟಿ ಎತ್ತಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಮೊದಲೇ ಶುಲ್ಕ ಮಾಫಿ, ಆಮೇಲೆ ಜನಹಿತದ ವಕೀಲಿಕೆಗೆ ಹೋಗದಿದ್ದರೆ ದುಡ್ಡು ವಾಪಸು ಕಟ್ಟಬೇಕು. ಇನ್ನೊಂದು ಗುಂಪಿಗೆ ಮೊದಲು ಸಾಲ, ಜನಹಿತದ ವಕೀಲಿಕೆಗೆ ಹೋದರೆ ಶಾಲೆಯೇ ಆ ಸಾಲ ತೀರಿಸುತ್ತದೆ. ಕಾಗದದ ಮೇಲೆ ಎರಡರ ಬೆಲೆಯೂ ಒಂದೇ. ಆದರೂ ಮೊದಲ ಗುಂಪಿನವರೇ ಗಮನಾರ್ಹವಾಗಿ ಹೆಚ್ಚು ಸಂಖ್ಯೆಯಲ್ಲಿ ಜನಹಿತದ ಕೆಲಸ ಆರಿಸಿಕೊಂಡರು. ಲೆಕ್ಕ ಸಮನಾಗಿದ್ದರೂ ತಲೆಯ ಮೇಲೆ ಸಾಲವಿದೆ ಎಂಬ ಅರಿವೇ ಮನುಷ್ಯನ ನಡೆಯನ್ನು ಬದಲಿಸುತ್ತದೆ. ಹಣಕಾಸನ್ನು ಲೆಕ್ಕವೆಂದಷ್ಟೇ ಕಲಿಸುವ ನಮ್ಮ ತರಗತಿಗಳಲ್ಲಿ ಈ ಪ್ರಯೋಗವನ್ನು ಕಡ್ಡಾಯವಾಗಿ ಪಾಠ ಮಾಡಬೇಕು ಎಂಬುದು ನನ್ನ ಆಸೆ.

ಹಾವೇರಿ ಜಿಲ್ಲೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ನಮ್ಮ ವಿಭಾಗದಲ್ಲಿದ್ದಳು. ತಂದೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು. ಮೊದಲ ಸೆಮಿಸ್ಟರಿನಲ್ಲಿ ಅವಳು ಬಾಯಿ ಬಿಟ್ಟದ್ದೇ ಕಡಿಮೆ. ಇಂಗ್ಲಿಷಿನ ಅಂಜಿಕೆ ಒಂದು, ಪಕ್ಕದಲ್ಲಿ ಕೂತವರೆಲ್ಲ ಬೆಂಗಳೂರಿನ ಕಾಲೇಜುಗಳಿಂದ ಬಂದವರೆಂಬ ಹಿಂಜರಿಕೆ ಇನ್ನೊಂದು. ಒಂದು ದಿನ ದುಡಿಯುವ ಬಂಡವಾಳದ ಬಗ್ಗೆ ಪಾಠ ನಡೆದಿತ್ತು. ದಲಾಲರು ರೈತರಿಗೆ ಮುಂಗಡ ಯಾಕೆ ಕೊಡುತ್ತಾರೆ, ಅದಕ್ಕೆ ಬಡ್ಡಿ ಎಲ್ಲಿ ಬರುತ್ತದೆ ಎಂದು ಕೇಳಿದೆ. ಪುಸ್ತಕದ ಉತ್ತರಗಳು ಬಂದವು. ಆಗ ಇವಳು ಎದ್ದು, "ಸರ್, ಬಡ್ಡಿ ಪಟ್ಟಿಯೊಳಗ ಕಾಣಂಗಿಲ್ರಿ. ಬಿತ್ತೋ ಟೈಮಿಗೆ ರೊಕ್ಕ ತಗೊಂಡ ರೈತ ಚೀಲ ತಗೊಂಡು ಬ್ಯಾರೆ ಅಂಗಡಿಗೆ ಹೋಗಂಗೇ ಇಲ್ಲ. ರೇಟ್ ಸರಿ ಬರಲಿಲ್ಲಾಂದ್ರ ಮಾಲು ವಾಪಸ್ ಒಯ್ಯೋ ಧೈರ್ಯ ಅವಂಗ ಇರಂಗಿಲ್ಲ. ಬಡ್ಡಿ ಅಲ್ಲೇ ಬಂತಲ್ರಿ" ಎಂದಳು. ಇಡೀ ತರಗತಿ ಅವಳತ್ತ ತಿರುಗಿತು. ಆ ದಿನದ ಪಾಠವನ್ನು ಅವಳೇ ಮುಂದುವರಿಸಿದಳು ಎನ್ನಬೇಕು. ತೂಕ, ಟೆಂಡರು, ಪಟ್ಟಿ ಮುರಿಯುವುದು, ಉದ್ರಿ ಎಲ್ಲವನ್ನೂ ಬಿಡಿಸಿ ಹೇಳಿದಳು.

ಆ ಹುಡುಗಿ ನಮ್ಮ ತರಗತಿಯಲ್ಲಿ ಕೂತಿದ್ದು ವಿದ್ಯಾರ್ಥಿವೇತನದ ಬಲದಿಂದ. ಅಂದರೆ ಆ ಹಣದಿಂದ ಲಾಭವಾದದ್ದು ಅವಳೊಬ್ಬಳಿಗೇ ಅಲ್ಲ. ಅವಳಿಲ್ಲದಿದ್ದರೆ ಉಳಿದ ಐವತ್ತೊಂಬತ್ತು ಮಂದಿ ಮುಂಗಡವನ್ನು ಒಂದು ಸಾಲು ವ್ಯಾಖ್ಯಾನವಾಗಿ ಓದಿ ಪಾಸಾಗುತ್ತಿದ್ದರು. ಮ್ಯಾನೇಜ್‌ಮೆಂಟ್ ಶಾಲೆಯ ಕಲಿಕೆ ಮುಖ್ಯವಾಗಿ ಚರ್ಚೆಯಿಂದ ನಡೆಯುವಂಥದ್ದು. ಕೇಸ್ ಓದಿಕೊಂಡು ಬಂದು ಒಬ್ಬರ ಅನುಭವವನ್ನು ಇನ್ನೊಬ್ಬರ ಅನುಭವಕ್ಕೆ ಒಡ್ಡಿ ನೋಡುವ ಪದ್ಧತಿ ಅದು. ಒಂದೇ ಬಗೆಯ ಮನೆಗಳಿಂದ ಬಂದವರು ಅರವತ್ತು ಜನ ಕೂತರೆ ಅದು ಒಬ್ಬನೇ ಅರವತ್ತು ಸಲ ಮಾತಾಡಿದಂತೆ. ವಿದ್ಯಾರ್ಥಿವೇತನವನ್ನು ದಾನವೆಂದು ಬಗೆಯುವವರು ತರಗತಿಗೆ ಸಿಗುವ ಈ ಪ್ರತಿಫಲವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಷ್ಟಾಗಿಯೂ ಅದೇ ವಿದ್ಯಾರ್ಥಿನಿ ಮೂರನೇ ಸೆಮಿಸ್ಟರಿನಲ್ಲಿ ಕೃಷಿ ಮಾರುಕಟ್ಟೆಯ ವಿಷಯವನ್ನು ಆರಿಸಿಕೊಳ್ಳಲಿಲ್ಲ. ಕೇಳಿದಾಗ, ಹೊಸ ವಿಷಯ, ಅಂಕ ಹೇಗೆ ಬರುತ್ತವೋ ಗೊತ್ತಿಲ್ಲ, ಕಡಿಮೆ ಬಂದರೆ ಮುಂದಿನ ಸೆಮಿಸ್ಟರಿನ ಸ್ಕಾಲರ್‌ಶಿಪ್ ನಿಲ್ಲುತ್ತದೆ ಎಂದಳು. ಒಂದು ಖಾಸಗಿ ಟ್ರಸ್ಟಿನಿಂದ ಅವಳಿಗೆ ಬರುತ್ತಿದ್ದ ನೆರವಿಗೆ ಇಂತಿಷ್ಟು ಅಂಕ ಉಳಿಸಿಕೊಳ್ಳಬೇಕೆಂಬ ಷರತ್ತಿತ್ತು. ಇಂಥ ಷರತ್ತು ಮೇಲ್ನೋಟಕ್ಕೆ ನ್ಯಾಯವೆಂದೇ ಕಾಣುತ್ತದೆ. ದುಡ್ಡು ಕೊಟ್ಟವರು ಓದುವ ಶ್ರದ್ಧೆಯನ್ನು ನಿರೀಕ್ಷಿಸುವುದರಲ್ಲಿ ತಪ್ಪೇನಿದೆ? ಆದರೆ ಬಹಳ ಕಡೆ ಅಂಕಗಳು ತರಗತಿಯ ಉಳಿದವರಿಗೆ ಹೋಲಿಸಿ ಬೀಳುವಂಥವು. ಒಬ್ಬ ಮೇಲೆ ಹೋಗಬೇಕಾದರೆ ಇನ್ನೊಬ್ಬ ಕೆಳಗೆ ಇಳಿಯಲೇಬೇಕು. ಶುಲ್ಕ ತಾನೇ ಕಟ್ಟಿದ ವಿದ್ಯಾರ್ಥಿಗೆ ಒಂದು ಕೆಟ್ಟ ಸೆಮಿಸ್ಟರ್ ಎಂದರೆ ಬೇಸರ ಅಷ್ಟೆ. ಇವಳಿಗೆ ಅದು ಓದಿನ ಕೊನೆ. ಹಾಗಾಗಿ ತಪ್ಪು ಮಾಡಿ ಕಲಿಯಬೇಕಾದ ವಯಸ್ಸಿನಲ್ಲಿ, ತಪ್ಪು ಮಾಡಲೆಂದೇ ಇರುವ ಜಾಗದಲ್ಲಿ, ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಇರಬೇಕಾದವಳು ಅವಳೇ ಆಗುತ್ತಾಳೆ.

ಉದ್ಯಮ ಹೂಡುವ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಹಮದಾಬಾದ್, ಬೆಂಗಳೂರಿನಂಥ ಐಐಎಂಗಳಲ್ಲಿ ಪ್ಲೇಸ್‌ಮೆಂಟ್ ರಜೆ ಎಂಬ ಒಳ್ಳೆಯ ವ್ಯವಸ್ಥೆಯಿದೆ. ಓದು ಮುಗಿದ ಕೂಡಲೇ ಕೆಲಸಕ್ಕೆ ಸೇರದೆ ಸ್ವಂತ ಉದ್ಯಮಕ್ಕೆ ಕೈ ಹಾಕಿ, ಅದು ನಡೆಯದಿದ್ದರೆ ಮುಂದೊಂದು ವರ್ಷ ಬಂದು ಪ್ಲೇಸ್‌ಮೆಂಟಿನಲ್ಲಿ ಕೂರಬಹುದು. ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಆ ಒಂದೆರಡು ವರ್ಷ ಮನೆ ಬಾಡಿಗೆ ಯಾರು ಕೊಡುತ್ತಾರೆ, ಊರಿಗೆ ದುಡ್ಡು ಯಾರು ಕಳಿಸುತ್ತಾರೆ, ತಂಗಿಯ ಕಾಲೇಜಿನ ಶುಲ್ಕ ಯಾರು ಕಟ್ಟುತ್ತಾರೆ? ಅಪಾಯ ತೆಗೆದುಕೊಳ್ಳುವ ಗುಣ ರಕ್ತದಲ್ಲಿ ಬರುತ್ತದೆ ಎಂದು ಉದ್ಯಮಿಗಳ ಭಾಷಣಗಳಲ್ಲಿ ಕೇಳುತ್ತೇವೆ. ನಾನು ಕಂಡಂತೆ ಅದು ಬಹುಪಾಲು ಬೆನ್ನ ಹಿಂದೆ ಏನಿದೆ ಎಂಬುದನ್ನು ಅವಲಂಬಿಸಿ ಬರುತ್ತದೆ.

ಇನ್ನು ಹಣ ಬರುವ ಹೊತ್ತಿನ ವಿಚಾರ. ಈ ವಿಷಯದಲ್ಲಿ ನಮ್ಮ ರಾಜ್ಯದ ವಿದ್ಯಾರ್ಥಿಗಳನ್ನು ಮಾತಾಡಿಸಿದರೆ ಒಬ್ಬೊಬ್ಬರೂ ಒಂದೊಂದು ಪುರಾಣ ಹೇಳುತ್ತಾರೆ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತರಬೇಕು, ಅದರ ಆರ್‌ಡಿ ನಂಬರನ್ನು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿಗೆ ತುಂಬಬೇಕು, ಆಧಾರಿನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ಹೊಂದದಿದ್ದರೆ ಮತ್ತೆ ಸೈಬರ್ ಸೆಂಟರಿಗೆ ಅಲೆಯಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೋ ಇಲ್ಲವೋ ಎಂದು ಮ್ಯಾನೇಜರರ ಮುಂದೆ ನಿಲ್ಲಬೇಕು. ಇಷ್ಟೆಲ್ಲ ಆಗಿ ಹಣ ಮಂಜೂರಾಗುವ ಹೊತ್ತಿಗೆ ಎಷ್ಟೋ ಸಲ ಆ ವರ್ಷದ ಪರೀಕ್ಷೆಯೇ ಮುಗಿದಿರುತ್ತದೆ. ಕಾಲೇಜು ಮಾತ್ರ ಪ್ರವೇಶದ ದಿನವೇ ಶುಲ್ಕ ಕೇಳುತ್ತದೆ. ನಡುವಿನ ತಿಂಗಳುಗಳಿಗೆ ಅಪ್ಪ ಕೈಸಾಲ ಮಾಡುತ್ತಾನೆ, ಇಲ್ಲವೇ ಅಮ್ಮನ ಓಲೆ ಗಿರವಿಗೆ ಹೋಗುತ್ತದೆ. ಸರ್ಕಾರದ ಲೆಕ್ಕದಲ್ಲಿ ಆ ವಿದ್ಯಾರ್ಥಿ ಉಚಿತವಾಗಿ ಓದಿದವನು. ಮನೆಯ ಲೆಕ್ಕದಲ್ಲಿ ಅವನ ಓದಿಗೆ ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ ಕಟ್ಟಿದ್ದಾರೆ.

ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಈ ವಿಳಂಬದ ಪೆಟ್ಟು ಬೇರೆ ಕೋರ್ಸುಗಳಿಗಿಂತ ಜೋರು. ದೊಡ್ಡ ಸಂಸ್ಥೆಗಳಲ್ಲಿ ಜೂನ್ ತಿಂಗಳಲ್ಲಿ ಒಳಗೆ ಬಂದವರು ದೀಪಾವಳಿಯ ಆಸುಪಾಸಿಗೆ ಸಮ್ಮರ್ ಇಂಟರ್ನ್‌ಶಿಪ್ಪಿನ ಸಂದರ್ಶನಕ್ಕೆ ಕೂರುತ್ತಾರೆ. ಅಲ್ಲಿ ಒಳ್ಳೆಯ ಕಂಪನಿ ಸಿಕ್ಕವರಿಗೆ ಎಷ್ಟೋ ಸಲ ಅದೇ ಕಂಪನಿಯ ಕೆಲಸವೂ ಸಿಗುತ್ತದೆ. ಎಂದರೆ ಎರಡು ವರ್ಷದ ಓದಿನ ಫಲ ಮೊದಲ ನಾಲ್ಕೈದು ತಿಂಗಳಲ್ಲೇ ಬಹುಮಟ್ಟಿಗೆ ನಿಶ್ಚಯವಾಗುತ್ತದೆ. ಉಳಿದವರು ಸೀನಿಯರ್‌ಗಳ ಜೊತೆ ಕೂತು ಸಿವಿ ತಿದ್ದಿಸಿಕೊಳ್ಳುವ, ಅಣಕು ಸಂದರ್ಶನ ಕೊಡುವ ಆ ತಿಂಗಳುಗಳಲ್ಲಿ ವಿದ್ಯಾರ್ಥಿವೇತನಕ್ಕೆ ಕಾಯುವವನು ಅಫಿಡವಿಟ್ ಮಾಡಿಸಲು ಬಸ್ಸು ಹತ್ತಿ ಊರಿಗೆ ಹೋಗಿರುತ್ತಾನೆ.

ಶುಲ್ಕದ ಹೊರಗಿನ ಖರ್ಚುಗಳ ಮಾತಂತೂ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಲ್ಯಾಪ್‌ಟಾಪ್ ಒಂದಾಯಿತು. ಸಂದರ್ಶನಕ್ಕೆ ಸೂಟು, ಕಪ್ಪು ಬೂಟು. ರೂಮ್‌ಮೇಟಿನ ಬ್ಲೇಜರನ್ನು ಎರವಲು ಪಡೆದು ಭುಜ ಇಳಿಬಿದ್ದ ಕೋಟಿನಲ್ಲಿ ಸಂದರ್ಶನ ಕೊಟ್ಟವರನ್ನು ನಾನೇ ನೋಡಿದ್ದೇನೆ. ಸಂದರ್ಶಕರು ಅಂಥವರ ಬಗ್ಗೆ ಆತ್ಮವಿಶ್ವಾಸ ಸಾಲದು ಎಂದು ಬರೆದು ಹೋದದ್ದನ್ನೂ ನೋಡಿದ್ದೇನೆ. ಕ್ಲಬ್ಬಿನ ಚಂದಾ, ಹುಟ್ಟುಹಬ್ಬದ ಟ್ರೀಟು, ತರಗತಿಯವರೆಲ್ಲ ಗೋವಾಕ್ಕೆ ಹೊರಟಾಗ ಹೇಳಬೇಕಾದ ಸುಳ್ಳು ನೆಪ. ಎರಡನೇ ವರ್ಷದಲ್ಲಿ ಒಂದು ಅವಧಿಯನ್ನು ಯೂರೋಪಿನ ಯಾವುದಾದರೂ ಶಾಲೆಯಲ್ಲಿ ಕಳೆಯುವ ವಿನಿಮಯ ಕಾರ್ಯಕ್ರಮ ದೊಡ್ಡ ಸಂಸ್ಥೆಗಳಲ್ಲಿದೆ. ಅಲ್ಲಿನ ಶುಲ್ಕ ಇಲ್ಲಿಯದರಲ್ಲೇ ಸೇರಿಹೋಗುತ್ತದೆ ಎನ್ನುತ್ತಾರೆ, ನಿಜ. ವಿಮಾನ, ವೀಸಾ, ಊಟ, ಬಾಡಿಗೆ ಮಾತ್ರ ಸೇರುವುದಿಲ್ಲ. ಇವು ಚಿಲ್ಲರೆ ದೂರುಗಳಂತೆ ಕಂಡಾವು. ಆದರೆ ಮ್ಯಾನೇಜ್‌ಮೆಂಟ್ ಶಾಲೆ ಕೊಡುವ ಆಸ್ತಿಯಲ್ಲಿ ದೊಡ್ಡ ಪಾಲು ಗೆಳೆತನಗಳದ್ದು ಎಂದು ಆ ಶಾಲೆಗಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆ ಗೆಳೆತನಗಳು ಕುದುರುವುದು ತರಗತಿಯಲ್ಲಲ್ಲ, ಇಂಥ ಖರ್ಚುಗಳ ಸುತ್ತಲೇ. ಪಾಠಕ್ಕೆ ಮಾತ್ರ ದುಡ್ಡು ಕೊಟ್ಟು ಜೊತೆಗಾರಿಕೆಗೆ ಕೊಡದಿದ್ದರೆ ನಾವು ಅರ್ಧ ಶಾಲೆಗಷ್ಟೇ ಪ್ರವೇಶ ಕೊಡಿಸಿದಂತೆ.

ನೆರವು ಪಡೆಯುವುದರ ಮನಸ್ಥಿತಿ ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ವಿದ್ವಾಂಸರು, ಅಧಿಕಾರಿಗಳು ವಾರಾನ್ನದಲ್ಲಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅನ್ನ ಹಾಕಿದವರಲ್ಲಿ ನಿಜವಾದ ಕರುಣೆಯೂ ಇತ್ತು, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಉಣ್ಣುವ ಹುಡುಗ ಏಳು ಮನೆಯ ಯಜಮಾನಿತಿಯರ ಮುಖಭಾವವನ್ನು ಓದಲು ಕಲಿಯಬೇಕಿತ್ತು. ಇವತ್ತು ಹೋಗುವುದೋ ಬೇಡವೋ, ಎರಡನೇ ಸಲ ಅನ್ನ ಕೇಳುವುದೋ ಬಿಡುವುದೋ, ಮನೆಯವರು ಹೇಳಿದ ಕೆಲಸಕ್ಕೆ ಇಲ್ಲವೆನ್ನುವುದು ಹೇಗೆ. ಜಾತಿಯ ಗೆರೆ ದಾಟಿ ವಾರಾನ್ನ ಸಿಗುತ್ತಲೂ ಇರಲಿಲ್ಲ. ಇದಕ್ಕೆ ಎದುರಾಗಿ ಉಚಿತ ವಿದ್ಯಾರ್ಥಿನಿಲಯಗಳು ಬಂದವು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಉಂಡರು. 1970ರ ದಶಕದಲ್ಲಿ ದೇವರಾಜ ಅರಸರ ಕಾಲಕ್ಕೆ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿದವು. ಹಾಸ್ಟೆಲಿನ ಸಾರು ನೀರಾಗಿದ್ದಿರಬಹುದು. ಆದರೆ ಅಲ್ಲಿ ಹುಡುಗ ಯಾರ ಮನೆಗೂ ಅತಿಥಿಯಲ್ಲ. ಸಾರು ನೀರಾಗಿದೆ ಎಂದು ಜಗಳವಾಡುವ ಹಕ್ಕು ಅವನಿಗಿತ್ತು. ಆ ಜಗಳಗಳಲ್ಲೇ ರಾಜಕೀಯ ಕಲಿತು ಬೆಳೆದವರು ನಮ್ಮ ನಡುವೆ ಬಹಳ ಜನ ಇದ್ದಾರೆ.

ಇವತ್ತಿನ ಖಾಸಗಿ ವಿದ್ಯಾರ್ಥಿವೇತನಗಳನ್ನು ನೋಡಿದಾಗ ಬಹಳಷ್ಟು ವಾರಾನ್ನದ ಕಡೆಗೇ ವಾಲಿರುವಂತೆ ನನಗೆ ಕಾಣುತ್ತದೆ. ವೇದಿಕೆ ಹಾಕಿ, ಆಳೆತ್ತರದ ಚೆಕ್ಕಿನ ಪಕ್ಕ ವಿದ್ಯಾರ್ಥಿಯನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ದಾನಿಗೆ ವರ್ಷಕ್ಕೊಮ್ಮೆ ಕೃತಜ್ಞತಾ ಪತ್ರ ಬರೆಯಬೇಕು, ತನ್ನ ಬಡತನದ ಕಥೆಯನ್ನು ಸಂಸ್ಥೆಯ ವಿಡಿಯೊದಲ್ಲಿ ಹೇಳಬೇಕು. ಇಪ್ಪತ್ಮೂರು ವರ್ಷದ ಯುವತಿ, ನಾಳೆ ಅದೇ ಸಹಪಾಠಿಗಳ ಜೊತೆ ಮಂಡಳಿಯ ಸಭೆಯಲ್ಲಿ ಕೂತು ವಾದ ಮಾಡಬೇಕಾದವಳು, ಇಡೀ ಕ್ಯಾಂಪಸ್ಸಿನ ಮುಂದೆ ಅಪ್ಪನ ಸಾಲದ ವಿವರ ಹೇಳಿ ಕಣ್ಣೀರು ಒರೆಸಿಕೊಳ್ಳಬೇಕು. ಜಾತಿ ಸಂಘಗಳ ಪ್ರತಿಭಾ ಪುರಸ್ಕಾರ ಇದಕ್ಕಿಂತ ಗೌರವದ್ದು, ಅಲ್ಲಿ ಶಾಲು ಹೊದಿಸುತ್ತಾರೆ. ಆದರೆ ಅದು ಅಂಕ ನೋಡಿ ಕೊಡುವಂಥದ್ದು, ಈಗಾಗಲೇ ಮುಂದಿರುವವನನ್ನೇ ಹುಡುಕಿಕೊಂಡು ಹೋಗುತ್ತದೆ. 1999ರಲ್ಲಿ ಶುರುವಾದ ಆದಿತ್ಯ ಬಿರ್ಲಾ ವಿದ್ಯಾರ್ಥಿವೇತನವೂ ಪ್ರತಿಭೆಯ ಆಧಾರದ್ದೇ. ಐಐಎಂಗಳಲ್ಲಿ ಅದು ಸಿಕ್ಕವರು ಅದನ್ನು ಸಿವಿಯ ಮೊದಲ ಸಾಲಿನಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಅದೇ ಕ್ಯಾಂಪಸ್ಸಿನಲ್ಲಿ ಅಗತ್ಯದ ಆಧಾರದ ಮೇಲೆ ನೆರವು ಪಡೆದವರು ಅದನ್ನು ಪಕ್ಕದ ಕೋಣೆಯವರಿಗೂ ಹೇಳಿಕೊಳ್ಳುವುದಿಲ್ಲ. ಎರಡೂ ಹಣವೇ, ಒಂದು ಕಿರೀಟವಾದರೆ ಇನ್ನೊಂದು ಗುಟ್ಟಾಗಿ ಉಳಿದಿದೆ.

ಈ ಎಲ್ಲ ಎಳೆಗಳೂ ಸೇರಿಕೊಂಡಿರುವ ಒಂದು ಬದುಕು ನಮ್ಮ ಮುಂದಿದೆ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ಸಂಸ್ಥಾನ ಭೀಮರಾವ್ ಅಂಬೇಡ್ಕರರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನ ಕೊಟ್ಟಿತು. ಅವಧಿ ಮೂರು ವರ್ಷ, ಓದಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಎಂಬ ಕರಾರು. ಆ ಹಣದಲ್ಲೇ ಮನೆಗೂ ಕಳಿಸಿ, ಹೊಟ್ಟೆ ಕಟ್ಟಿ, ಅವರು ಅಲ್ಲಿ ಸುಮಾರು ಎರಡು ಸಾವಿರ ಪುಸ್ತಕ ಕೊಂಡರು. ಅಲ್ಲಿಂದ ಲಂಡನ್ನಿಗೆ ಹೋದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತೆಂದು ಅಲ್ಲಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಕರಾರಿನಂತೆ ಬರೋಡದ ಕಚೇರಿ ಸೇರಿದಾಗ ಊರಲ್ಲಿ ಇರಲು ಕೋಣೆ ಸಿಗಲಿಲ್ಲ, ಪಾರ್ಸಿ ಹೆಸರಿಟ್ಟುಕೊಂಡು ತಂಗಿದ್ದ ವಸತಿಗೃಹದಿಂದಲೂ ಹೊರಹಾಕಿದರು. ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಮುಂಬೈಗೆ ಮರಳಿ ಷೇರು ವ್ಯವಹಾರದ ಸಲಹೆ ಕೊಡುವ ಒಂದು ಉದ್ಯಮ ಶುರು ಮಾಡಿದರು. ಸಲಹೆಗಾರ ಅಸ್ಪೃಶ್ಯನೆಂದು ತಿಳಿದ ಮೇಲೆ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. 1918ರಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ, ಸಂಬಳದಲ್ಲಿ ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಸೇರಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು.

ವಾಣಿಜ್ಯ ಕಲಿಸುವವರು, ಕಲಿಯುವವರು ಈ ಷೇರು ಸಲಹೆಯ ಪ್ರಸಂಗವನ್ನು ಮರೆಯಬಾರದು ಎನ್ನುತ್ತೇನೆ. ಆ ಕಾಲದ ಮುಂಬೈಯಲ್ಲಿ ಹಣಕಾಸಿನ ಬಗ್ಗೆ ಅಷ್ಟು ಓದಿಕೊಂಡವರು ಬೆರಳೆಣಿಕೆಯವರು. ವಿದ್ಯಾರ್ಥಿವೇತನ ಜ್ಞಾನವನ್ನು ಕೊಟ್ಟಿತ್ತು, ಪದವಿಯನ್ನು ಕೊಟ್ಟಿತ್ತು. ಗಿರಾಕಿಯ ನಂಬಿಕೆಯನ್ನು ಕೊಡಲು ಅದಕ್ಕೆ ಆಗಲಿಲ್ಲ. ವ್ಯಾಪಾರ ನಿಂತಿರುವುದೇ ಯಾರು ಯಾರನ್ನು ನಂಬುತ್ತಾರೆ ಎಂಬುದರ ಮೇಲೆ. ಪ್ರವೇಶ ಪರೀಕ್ಷೆಯಲ್ಲಿ ನಿನ್ನ ಪರ್ಸೆಂಟೈಲ್ ಎಷ್ಟು ಎಂದು ಮೊದಲ ವಾರವೇ ಕೇಳಿ, ಉತ್ತರದಿಂದ ಮೀಸಲಾತಿಯನ್ನು ಅಂದಾಜಿಸಿ, ಗುಂಪು ಅಧ್ಯಯನಕ್ಕೆ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸುವ ಕ್ಯಾಂಪಸ್ಸುಗಳಲ್ಲಿ ಇಂದಿಗೂ ನಡೆಯುವುದು ಅದೇ. ಅಂಬೇಡ್ಕರರು ತಮ್ಮ ಅನುಭವದಿಂದ ಏನು ತಿಳಿದುಕೊಂಡರು ಎಂಬುದಕ್ಕೆ ಅವರು ಮುಂದೆ ಮಾಡಿದ್ದೇ ಸಾಕ್ಷಿ. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದ ಮೇಲೆ ಪರಿಶಿಷ್ಟ ಜಾತಿಗಳ ಉನ್ನತ ಶಿಕ್ಷಣಕ್ಕೆ ಸರ್ಕಾರದ ಬೊಕ್ಕಸದಿಂದಲೇ ಹಣ ಬೇಕೆಂದು ಪಟ್ಟು ಹಿಡಿದರು. 1944ರಲ್ಲಿ ಶುರುವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಂದಿಗೂ ನಡೆದಿದೆ. ಒಬ್ಬ ಮಹಾರಾಜರ ಔದಾರ್ಯದಿಂದ ಓದಿದವರು, ಮುಂದಿನವರು ಯಾವ ಮಹಾರಾಜರನ್ನೂ ಕಾಯಬೇಕಾಗದಂತೆ ಮಾಡಿದರು.

ಎಂಬಿಎ ಓದಿದವರು ಲಕ್ಷಗಟ್ಟಲೆ ಗಳಿಸುತ್ತಾರೆ, ಅವರಿಗೆ ಸಮಾಜ ಯಾಕೆ ದುಡ್ಡು ಕೊಡಬೇಕು, ಸಾಲ ಮಾಡಿ ತೀರಿಸಲಿ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕಲಾರೆ. ಪ್ರಾಥಮಿಕ ಶಾಲೆಗೆ ಶಿಕ್ಷಕರಿಲ್ಲದ ರಾಜ್ಯದಲ್ಲಿ ಮ್ಯಾನೇಜ್‌ಮೆಂಟ್ ಪದವಿಗೆ ಸಾರ್ವಜನಿಕ ಹಣ ಕೇಳುವವರು ಕಾರಣ ಕೊಡಲೇಬೇಕು. ಆದರೆ ಆ ಲಕ್ಷಗಳ ಚಿತ್ರ ಕೆಲವೇ ಸಂಸ್ಥೆಗಳದ್ದು. ಪಿಜಿಸಿಇಟಿ ಬರೆದು ಜಿಲ್ಲಾ ಕೇಂದ್ರದ ಎಂಬಿಎ ಕಾಲೇಜು ಸೇರಿದವರಲ್ಲಿ ಬಹಳ ಮಂದಿ ಬ್ಯಾಂಕಿನ ಮಾರಾಟ ವಿಭಾಗದಲ್ಲೋ ವಿಮೆ ಕಂಪನಿಯಲ್ಲೋ ಸಾಧಾರಣ ಸಂಬಳಕ್ಕೆ ದುಡಿಯುತ್ತಾರೆ. ಎರಡನೆಯದಾಗಿ, ಸಾಲವನ್ನು ತೀರಿಸಲು ಶಕ್ತರಾದವರೂ ಸಾಲದ ಕಾರಣಕ್ಕೇ ಒಂದೇ ದಿಕ್ಕಿಗೆ ಹೋಗುವುದಾದರೆ ನಷ್ಟ ಸಮಾಜದ್ದು. ಸಹಕಾರ ಸಂಘಗಳಿಗೆ, ಸರ್ಕಾರಿ ಆಸ್ಪತ್ರೆಗಳಿಗೆ, ಊರಿನ ಸಣ್ಣ ಕಾರ್ಖಾನೆಗಳಿಗೆ ಒಳ್ಳೆಯ ವ್ಯವಸ್ಥಾಪಕರು ಸಿಗುತ್ತಿಲ್ಲ ಎಂದು ಗೊಣಗುವವರು ನಾವೇ ತಾನೆ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ತಂದಿತು. ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಜಾಮೀನಿಲ್ಲದೆ ಸಾಲ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡ 3ರ ಬಡ್ಡಿ ರಿಯಾಯಿತಿ. ಬ್ಯಾಂಕಿನ ಬಾಗಿಲಲ್ಲಿ ನಿಂತು ಜಾಮೀನಿಗೆ ಜನ ಹುಡುಕುವ ಅವಮಾನವನ್ನು ಇದು ತಪ್ಪಿಸಿದೆ, ಅದು ಸಣ್ಣ ವಿಷಯವಲ್ಲ. ಆದರೂ ಅದು ಸಾಲವೇ. ಎರಿಕಾ ಫೀಲ್ಡ್ ತೋರಿಸಿದ ಅಂಜಿಕೆ ಅಲ್ಲಿ ಹಾಗೇ ಉಳಿಯುತ್ತದೆ.

ಋಣ ತೀರಿಸುವ ಕರಾರಿನ ಬಗ್ಗೆಯೂ ಒಂದು ಮಾತು. ಸ್ಟ್ಯಾನ್‌ಫರ್ಡ್ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಭಾರತೀಯರಿಗೆಂದೇ ಇರುವ ರಿಲಯನ್ಸ್ ಧೀರೂಭಾಯಿ ಫೆಲೋಶಿಪ್ ಪಡೆದವರು ಓದು ಮುಗಿದ ಎರಡು ವರ್ಷದೊಳಗೆ ದೇಶಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇಲ್ಲಿ ದುಡಿಯಬೇಕು. ಇಂಥ ಷರತ್ತಿನ ಬಗ್ಗೆ ನನ್ನ ತಕರಾರಿಲ್ಲ. ಏನು ಕೆಲಸ, ಯಾರ ಕೈಕೆಳಗೆ ಎಂಬುದನ್ನು ಅದು ವಿದ್ಯಾರ್ಥಿಗೇ ಬಿಟ್ಟಿದೆ. ಇನ್ನೂ ಮೆಚ್ಚಬೇಕಾದದ್ದು ಯೇಲ್ ಮ್ಯಾನೇಜ್‌ಮೆಂಟ್ ಶಾಲೆಯ ಕ್ರಮ. ಸರ್ಕಾರ ಅಥವಾ ಸೇವಾ ಸಂಸ್ಥೆಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಹಳೆಯ ವಿದ್ಯಾರ್ಥಿಗಳ ಸಾಲದ ಕಂತನ್ನು ಶಾಲೆಯೇ ಹೊರುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ವಿದ್ಯಾರ್ಥಿವೇತನವನ್ನು ಅಂಕಕ್ಕೆ ಕೊಡುವುದಿಲ್ಲ, ಅಗತ್ಯಕ್ಕೆ ಮಾತ್ರ ಕೊಡುತ್ತದೆ. ತೀರಾ ಕಷ್ಟದಲ್ಲಿರುವ ಸುಮಾರು ಶೇಕಡ 10ರಷ್ಟು ವಿದ್ಯಾರ್ಥಿಗಳಿಗೆ ಪೂರ್ತಿ ಬೋಧನಾ ಶುಲ್ಕ ಮಾಫಿ ಎಂದು ಅದು 2022ರಲ್ಲಿ ಪ್ರಕಟಿಸಿತು. ಪ್ರವೇಶ ಪಡೆದವರೆಲ್ಲ ಪ್ರತಿಭಾವಂತರೇ ಆಗಿರುವಾಗ ಅವರೊಳಗೆ ಮತ್ತೆ ಪ್ರತಿಭೆ ತೂಗುವುದರಲ್ಲಿ ಅರ್ಥವಿಲ್ಲ ಎಂಬ ತರ್ಕ ನನಗೆ ಸರಿಯೆನಿಸುತ್ತದೆ. ಆ ಶಾಲೆಗಳ ಶ್ರೀಮಂತಿಕೆ ನಮಗಿಲ್ಲ. ಅವುಗಳ ಕ್ರಮವನ್ನು ಅನುಸರಿಸಲು ಶ್ರೀಮಂತಿಕೆ ಅಷ್ಟಾಗಿ ಬೇಕಿಲ್ಲ.

ನಮ್ಮಲ್ಲೂ ಒಳ್ಳೆಯ ಮಾದರಿ ಇಲ್ಲದಿಲ್ಲ. ಕುಟುಂಬದ ಆದಾಯ 8 ಲಕ್ಷದೊಳಗಿರುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಉನ್ನತ ದರ್ಜೆ ಶಿಕ್ಷಣ ಯೋಜನೆ ಐಐಎಂಗಳಂಥ ಸಂಸ್ಥೆಗಳ ಪೂರ್ತಿ ಬೋಧನಾ ಶುಲ್ಕದ ಜೊತೆಗೆ ವಾಸ, ಪುಸ್ತಕ, ಕಂಪ್ಯೂಟರಿನ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ನಮ್ಮ ರಾಜ್ಯದ ವಿದ್ಯಾಸಿರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡತೊಡಗಿದ್ದು ಶುಲ್ಕದಾಚೆಯ ಬದುಕನ್ನು ಕಂಡ ಕಣ್ಣಿನಿಂದಲೇ. ಮೊತ್ತ ಇವತ್ತಿನ ಬೆಂಗಳೂರಿನ ಪಿಜಿಯ ಒಂದು ವಾರಕ್ಕೂ ಸಾಲದು, ಆದರೆ ಯೋಚನೆ ಸರಿಯಿತ್ತು.

ಆಗಬೇಕಾದದ್ದು ಇಷ್ಟು: ಪ್ರವೇಶದ ದಿನವೇ ಮಂಜೂರಾತಿ, ಎರಡನೇ ವರ್ಷಕ್ಕೆ ಪಾಸಾಗುವುದನ್ನು ಬಿಟ್ಟು ಬೇರೆ ಷರತ್ತಿಲ್ಲದಿರುವುದು, ಸಂದರ್ಶನದ ಬಟ್ಟೆಯಿಂದ ವಿನಿಮಯದ ವಿಮಾನದವರೆಗಿನ ಖರ್ಚಿಗೆ ಒಂದು ನಿಧಿ, ವೇದಿಕೆ ಮತ್ತು ಫೋಟೊ ಬೇಡ. ಇಷ್ಟನ್ನು ಮಾಡಲು ಹೊಸ ಕಾನೂನು ಬೇಕಿಲ್ಲ. ಸಂಸ್ಥೆಗಳು ಪ್ರತಿ ವರ್ಷ ಪ್ಲೇಸ್‌ಮೆಂಟ್ ವರದಿ ಪ್ರಕಟಿಸುತ್ತವೆ. ಅತಿ ಹೆಚ್ಚು ಸಂಬಳ, ಸರಾಸರಿ ಸಂಬಳ, ಬಂದುಹೋದ ಕಂಪನಿಗಳ ಹೆಸರು ಎಲ್ಲ ಅದರಲ್ಲಿರುತ್ತವೆ. ಅದಕ್ಕೆ ಇನ್ನೊಂದು ಪುಟ ಸೇರಲಿ. ವಿದ್ಯಾರ್ಥಿವೇತನ ಪಡೆದವರು, ಸಾಲ ಮಾಡಿ ಓದಿದವರು, ಸ್ವಂತ ಹಣದಲ್ಲಿ ಓದಿದವರು ಎಂದು ಮೂರು ಸಾಲು ಹಾಕಿ, ಯಾರ ಹೆಸರನ್ನೂ ಹೇಳದೆ, ಪ್ರತಿ ಸಾಲಿನಿಂದ ಎಷ್ಟು ಮಂದಿ ವಿನಿಮಯಕ್ಕೆ ಹೋದರು, ಎಷ್ಟು ಮಂದಿ ಪ್ಲೇಸ್‌ಮೆಂಟ್ ರಜೆ ತೆಗೆದುಕೊಂಡು ಉದ್ಯಮ ಹೂಡಿದರು, ಎಷ್ಟು ಮಂದಿ ಯಾವ ಬಗೆಯ ಕೆಲಸಕ್ಕೆ ಸೇರಿದರು ಎಂದು ಬರೆಯಲಿ. ಈ ಮಾಹಿತಿಯೆಲ್ಲ ಪ್ರತಿ ಸಂಸ್ಥೆಯ ಪ್ಲೇಸ್‌ಮೆಂಟ್ ಮತ್ತು ಲೆಕ್ಕಪತ್ರ ಕಚೇರಿಗಳಲ್ಲಿ ಈಗಾಗಲೇ ಇದೆ, ಎರಡೂ ಕಚೇರಿಯವರು ಒಂದು ಮಧ್ಯಾಹ್ನ ಜೊತೆಗೆ ಕೂತರೆ ಬರುವ ವರ್ಷದ ವರದಿಯಲ್ಲೇ ಹಾಕಬಹುದು.